ಹಂಸದ ಪೆಟ್ರೋಲು, ಅಂಗಡಿಯ ಪೆಟ್ರೋಲು

ಇದ್ವಾಲನ ಮನೆಯ ಪಕ್ಕದ ಕಾರು ಶೆಡ್ಡಿನಲ್ಲಿ ಪೆಟ್ರೋಲಿನ ವಾಸನೆ ಶುರುವಾಗಿ ಒಂದು ಬೇಸಗೆಯೇ ಕಳೆದುಹೋಗಿತ್ತು. ಬಾಗಿಲು ತೆಗೆದರೆ ಸಾಕು, ಮೂಗಿಗೆ ಬಡಿಯುತ್ತಿತ್ತು. ಕಾರು ಹೊರಗೆ ತೆಗೆದರೆ ದಿಬ್ಬ ಹತ್ತುವಾಗ ಕೆಮ್ಮುತ್ತಿತ್ತು. ಚಾಪೆಲ್ಲಿನ, ಅಂದರೆ ಊರ ಪ್ರಾರ್ಥನಾಮಂದಿರದ, ತಿರುವಿನಲ್ಲಂತೂ ನಿಂತೇ ಬಿಡುತ್ತಿತ್ತು. ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಷ್ಟವೇ ಇದು. ಆದರೆ ಇದ್ವಾಲನ ಮನೆಯಲ್ಲಿ ಈ ವಾಸನೆ ಗಂಡಹೆಂಡಿರ ನಡುವೆಯೂ ಬಂದು ಕೂತಿತ್ತು.

ಕಾರು ಒಂದು ಹಳೇ ಮಾರಿಸ್. ಹಿಂಭಾಗಕ್ಕೆ ಮರದ ಚೌಕಟ್ಟು. ಇದ್ವಾಲ್ ಅದನ್ನು ಕೊಂಡದ್ದು ಮದುವೆಯಾದ ವರ್ಷ. ತಾಳಿಯ ಬದಲು ಉಂಗುರ ತೊಡಿಸುವ ಊರು ಅದು. ಉಂಗುರ ತೊಡಿಸಿದ ಮಧ್ಯಾಹ್ನವೇ ಐರ್ಲಿಸ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟ ದಾಟಿ ಅಬರಾಯ್ರನ್ನಿನ ಕಡಲ ದಂಡೆಗೆ ಹೋಗಿದ್ದು ಇದರಲ್ಲೇ. ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಇದರಲ್ಲೇ. ಎಂದೋ ಸತ್ತ ನಾಯಿಯ ಕೂದಲು ಹಿಂದಿನ ಸೀಟಿನ ಸಂದಿಯಲ್ಲಿ ಇನ್ನೂ ಸಿಗುತ್ತಿತ್ತು. ಸೀಸ ಬೆರೆಸಿದ ಪೆಟ್ರೋಲು ನಿಂತುಹೋದ ಕಾಲದಲ್ಲಿ ಊರಿನವರೆಲ್ಲ ಹಳೇ ಕಾರು ಮಾರಿದರು. ಇದ್ವಾಲ್ ಮಾತ್ರ ಸೀಸವಿಲ್ಲದ ಪೆಟ್ರೋಲಿಗೆ ಹೊಂದುವಂತೆ ಎಂಜಿನ್ನಿನ ಮೇಲ್ಭಾಗವನ್ನೇ ಬದಲಾಯಿಸಿ ಉಳಿಸಿಕೊಂಡ.

ಅಂಥ ಕಾರನ್ನು ಶುಕ್ರವಾರ ಗುಜರಿಯವನು ಲಾರಿ ತಂದು ಎತ್ತಿಕೊಂಡು ಹೋಗುವುದಿತ್ತು. ಇದ್ವಾಲನೇ ಫೋನು ಮಾಡಿ ಹೇಳಿದ್ದ. ಇವತ್ತು ಬುಧವಾರ.

ಅಡುಗೆಮನೆಯಲ್ಲಿ ಐರ್ಲಿಸ್ ಕಾದ ಹೆಂಚಿನ ಮೇಲೆ ಒಣದ್ರಾಕ್ಷಿಯ ಬಿಲ್ಲೆಗಳನ್ನು ಮಗುಚುತ್ತಿದ್ದಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಲಾರಿಯವನಿಗೆ ಬೇಡ ಅಂತ ಹೇಳ್ತೀಯೋ, ಇಲ್ವೋ?"

"ಇಟ್ಕೊಂಡು ಏನು ಮಾಡ್ಲಿ? ಒಳಗೆಲ್ಲ ಕೆಟ್ಟುಹೋಗಿದೆ. ಕೆಡಿಸಿದ್ದು ಯಾರು ಅಂತ ನಾನು ಮತ್ತೆ ಹೇಳಲ್ಲ."

"ಹೇಳಲ್ಲ ಅಂತ ದಿನಾ ಹೇಳ್ತೀಯ."

"ಈಸ್ಟರ್ ವಾರ ಆ ದೊಡ್ಡಂಗಡೀಲಿ ಪೆಟ್ರೋಲ್ ತುಂಬಿಸ್ಕೊಂಡು ಬಂದವಳು ಯಾರು? ಆಲೂಗಡ್ಡೆ, ಸೋಪಿನಪುಡಿ, ಪೆಟ್ರೋಲು ಎಲ್ಲ ಒಂದೇ ಕಡೆ! ಆಲೂಗಡ್ಡೆ ಮಾರೋನಿಗೆ ಪೆಟ್ರೋಲು ಗೊತ್ತಾ? ಅದಾದ ವಾರಕ್ಕೇ ವಾಸನೆ ಬಂತಲ್ಲ!"

"ಅವತ್ತೇ ಹೇಳೋಕೆ ಬಂದೆ ಇದ್ವಾಲ್, ನಾನು ನೋಡೇ ಹಾಕಿಸ್ದೆ, ಅದರ ಮೇಲೆ—"

"ಪೆಟ್ರೋಲು ಅಂದ್ರೆ ಹಂಸದ ಕಂಪನೀದೇ. ಮಿಕ್ಕಿದ್ದೆಲ್ಲ ನೀರು."

ಐರ್ಲಿಸ್ ಇನ್ನೊಂದು ಬಿಲ್ಲೆ ಮಗುಚಿದಳು. ಈಸ್ಟರಿನ ನಂತರ ಕಾರಿನ ಕೀಲಿಯನ್ನು ಇದ್ವಾಲ್ ತನ್ನ ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದ. ಅವಳು ಹಾಡಿನ ಅಭ್ಯಾಸಕ್ಕೆ ಚಾಪೆಲ್ಲಿಗೆ ಹೋಗಬೇಕಾದರೆ ಯಾರನ್ನಾದರೂ ಕೇಳಿ ಅವರ ಕಾರಿನಲ್ಲಿ ಹೋಗಬೇಕಿತ್ತು. ಹಾಗೆ ಕೇಳುವುದು ಅವಳಿಗೆ ಹಿಡಿಸದ ಕೆಲಸ. ಬೇಸಗೆ ಪೂರ್ತಿ ಅಭ್ಯಾಸ ತಪ್ಪಿಸಿಕೊಂಡಿದ್ದಳು.

ಇದ್ವಾಲ್ ಟೀ ಎತ್ತಿಕೊಂಡು ಶೆಡ್ಡಿನ ಬಾಗಿಲಿಗೆ ಬಂದು ನಿಂತ. ಅವನ ಕೈಯಲ್ಲಿದ್ದದ್ದು ಗಾಜಿನ ಲೋಟ, ಅದರ ಮೇಲೆ ನೀಲಿ ಹಂಸದ ಚಿತ್ರ. ತೊಳೆದೂ ತೊಳೆದೂ ಹಂಸದ ಕತ್ತು ಮಾಸಿಹೋಗಿತ್ತು.

ಆ ಲೋಟ ಕೊಟ್ಟವನು ಗೆಥಿನ್. ಸೇತುವೆಯ ಹತ್ತಿರ ಗೆಥಿನನ ಬಂಕ್ ಇತ್ತು, ತಲೆಯ ಮೇಲೆ ನೀಲಿ ಹಂಸದ ಫಲಕ. ಕಾರು ಒಳಗೆ ಬಂದರೆ ಗಂಟೆ ಟಣ್ ಅನ್ನುತ್ತಿತ್ತು. ಗೆಥಿನ್ ಬಾಯಲ್ಲಿದ್ದ ತಿಂಡಿ ನುಂಗುತ್ತಲೇ ಹೊರಗೆ ಬರುತ್ತಿದ್ದ. ಹೆಗಲ ಮೇಲೆ ಯಾವಾಗಲೂ ಒಂದು ಬಟ್ಟೆ. ಪೆಟ್ರೋಲು ಬೀಳುತ್ತಿರುವಾಗ ಮುಂದಿನ ಗಾಜು ಒರೆಸುತ್ತಿದ್ದ, ಬಾನೆಟ್ ಎತ್ತಿ ಎಣ್ಣೆಯ ಕಡ್ಡಿ ಎಳೆದು ನೋಡುತ್ತಿದ್ದ, ಟೈರಿಗೆ ಒಂದು ಒದೆ ಕೊಡುತ್ತಿದ್ದ. "ಈ ಬೆಲ್ಟು ಚಳಿಗಾಲ ತಡೆಯಲ್ಲ ಕಣಯ್ಯಾ" ಎಂದರೆ ಅದು ತಡೆಯುತ್ತಿರಲಿಲ್ಲ. ಟ್ಯಾಂಕು ತುಂಬಿಸಿದಾಗಲೆಲ್ಲ ಒಂದು ಚೀಟಿ, ಚೀಟಿ ಕೂಡಿದರೆ ಒಂದು ಲೋಟ. ಐರ್ಲಿಸ್ ಹೊಸದಾಗಿ ಬಂದ ಕಾಲದಲ್ಲಿ ಮನೆಯಲ್ಲಿ ಒಂದೇ ಜೊತೆಯ ಪಾತ್ರೆ ಅಂತ ಇದ್ದದ್ದು ಆ ಲೋಟಗಳೇ. ನೆಂಟರು ಬಂದರೆ ಅವನ್ನೇ ಹೊರಗೆ ತೆಗೆಯುತ್ತಿದ್ದರು.

ಗೆಥಿನ್ ತೀರಿಕೊಂಡ. ಬಂಕು ಮುಚ್ಚಿತು. ಈಗ ಆ ಜಾಗದಲ್ಲಿ ಯಾರೋ ಹಾಸಿಗೆ ಮಾರುತ್ತಾರೆ. ಹಂಸದ ಫಲಕ ಇರುವ ಬಂಕು ಈಗ ಬೆಟ್ಟದ ಆಚೆ ಹೆದ್ದಾರಿಯಲ್ಲಿ ಮಾತ್ರ. ಪೇಟೆಯ ದೊಡ್ಡಂಗಡಿಯ ಬಂಕು ಹತ್ತಿರವಿದ್ದರೂ, ಅಲ್ಲಿ ಬೆಲೆ ಕಡಿಮೆಯಿದ್ದರೂ, ಇದ್ವಾಲ್ ಬೆಟ್ಟ ಹತ್ತಿಳಿದು ಹಂಸದ್ದನ್ನೇ ತುಂಬಿಸಿ ಬರುತ್ತಿದ್ದ. ಹಾಗೆ ಹೋಗಿಬರುವುದಕ್ಕೇ ಎಷ್ಟೋ ಪೆಟ್ರೋಲು ಸುಡುತ್ತಿತ್ತು ಎಂದು ಅವನಿಗೆ ಹೇಳುವವರು ಯಾರು?

"ಇದ್ವಾಲ್ ಮಾಮಾ! ಏನಿದು ವಾಸನೆ? ಯಾರಾದ್ರೂ ಸಿಗರೇಟು ಹಚ್ಚಿದ್ರೆ ನಮ್ಮನೆ ಕೋಳಿಗೂಡೂ ಹಾರಿಹೋಗುತ್ತೆ!"

ಬೇಲಿಯ ಆಚೆ ನಿಂತು ಕೂಗಿದವಳು ಡೆಲಿತ್. ಪಕ್ಕದ ಮನೆಯ ಹೆಣ್ಣುಮಗಳು. ಚಿಕ್ಕವಳಿದ್ದಾಗಿನಿಂದ ಇವರನ್ನು ಮಾಮ, ಅತ್ತೆ ಎಂದೇ ಕರೆದವಳು. ಈಗ ಪೆಟ್ರೋಲ್ ಟ್ಯಾಂಕರ್ ಓಡಿಸುತ್ತಾಳೆ. ಕಡಲ ತೀರದ ಡಿಪೋದಲ್ಲಿ ತುಂಬಿಸಿಕೊಂಡು ಜಿಲ್ಲೆಯ ಬಂಕುಗಳಿಗೆಲ್ಲ ಇಳಿಸಿ ಬರುವುದು ಅವಳ ಕೆಲಸ. ವಾರಗಟ್ಟಲೆ ಮನೆಯಲ್ಲಿ ಕಾಣಿಸುವುದೇ ಅಪರೂಪ.

"ಹಳೇ ಕಾರು ಮಗಳೇ, ವಾಸನೆ ಬರದೆ ಇರುತ್ತಾ? ನಿಮ್ಮತ್ತೆ ದೊಡ್ಡಂಗಡಿ ಪೆಟ್ರೋಲು ಕುಡಿಸಿದ ಮೇಲಿಂದ ಹೀಗೆ."

ಡೆಲಿತ್ ಬೇಲಿಯ ಬಾಗಿಲು ದೂಡಿಕೊಂಡು ಬಂದೇ ಬಿಟ್ಟಳು. "ಸ್ಟಾರ್ಟ್ ಮಾಡಬೇಡಿ. ದೀಪಾನೂ ಹಾಕಬೇಡಿ. ಬಾಗಿಲು ಪೂರ್ತಿ ತೆಗೀರಿ, ಗಾಳಿ ಆಡಲಿ. ಕಾರನ್ನ ಹೊರಗೆ ತಳ್ಳೋಣ."

ಇದ್ವಾಲ್ ಲೋಟ ಕೆಳಗಿಟ್ಟ. ಇಬ್ಬರೂ ಸೇರಿ ಅಂಗಳಕ್ಕೆ ತಳ್ಳಿದರು. ವಾಸನೆ ಕೊಂಚ ಆರಿದ ಮೇಲೆ ಡೆಲಿತ್ ಬಾನೆಟ್ ಎತ್ತಿದಳು. ಪೆಟ್ರೋಲು ಹರಿಯುವ ರಬ್ಬರ್ ಪೈಪನ್ನು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿದಳು. ಪೈಪಿನ ಮೈತುಂಬ ಸೀಳು ಬಾಯಿಬಿಟ್ಟಿತು. ಹಿಡಿದ ಬೆರಳಿಗೆ ಕಪ್ಪು ಅಂಟು ಹತ್ತಿತು. ಸೀಳಿನಿಂದ ಒಂದು ಹನಿ ಇಳಿಯಿತು. ಅದರ ಕೆಳಗೇ ಹೊಗೆ ಹೋಗುವ ಕಬ್ಬಿಣದ ಕೊಳವೆ. ಎಂಜಿನ್ ಓಡುವಾಗ ಕಾದು ಕೆಂಡವಾಗಿರುವ ಜಾಗ ಅದು.

ಡೆಲಿತ್ ಬೆರಳನ್ನು ಹುಲ್ಲಿಗೆ ಒರೆಸಿಕೊಂಡಳು.

"ಮಾಮ, ಇದರಲ್ಲಿ ಹೋದ ಭಾನುವಾರ ಅತ್ತೇನ ಕೂರಿಸ್ಕೊಂಡು ಹೋದ್ರಾ?"

"ಹೂಂ. ಚಾಪೆಲ್ಲಿಗೆ."

"ಬದುಕಿ ಬಂದಿದ್ದೀರಲ್ಲ, ಅದೇ ದೊಡ್ಡದು."

ಇದ್ವಾಲ್ ಬಗ್ಗಿ ಆ ಸೀಳನ್ನು ನೋಡಿದ. ಐರ್ಲಿಸ್ ಬಾಗಿಲಿಗೆ ಬಂದು ನಿಂತಿದ್ದಳು, ಕೈಯಲ್ಲಿ ಬಿಲ್ಲೆ ಮಗುಚುವ ಸಟ್ಟುಗ.

"ನೋಡಿದ್ಯಾ! ದೊಡ್ಡಂಗಡಿ ಪೆಟ್ರೋಲು ಪೈಪನ್ನೇ ತಿಂದುಬಿಟ್ಟಿದೆ!" ಎಂದ ಇದ್ವಾಲ್.

"ಒಂದು ಟ್ಯಾಂಕು ಪೆಟ್ರೋಲು ಪೈಪನ್ನ ಹೀಗೆ ಮಾಡಲ್ಲ ಮಾಮ. ಇದು ತಿಂಗಳುಗಟ್ಟಲೆ ನೆನೆದು ನೆನೆದು ಆಗಿರೋದು. ವರ್ಷಾವರ್ಷ ಕಾರು ತಪಾಸಣೆ ಮಾಡಿಸ್ತೀರಾ?"

"ನಲವತ್ತು ವರ್ಷ ದಾಟಿದ ಕಾರಿಗೆ ಬೇಕಿಲ್ಲ ಅಂತ ಸರ್ಕಾರನೇ ಹೇಳಿದೆ. ಗೆಥಿನ್ ಹೋದ ಮೇಲೆ ನಾನು ಬೇರೆಯವರ ಕೈಗೆ ಕೊಟ್ಟೂ ಇಲ್ಲ."

"ಸರ್ಕಾರ ಬೇಕಿಲ್ಲ ಅಂದಿದ್ದು. ಮಾಡಿಸಬೇಡಿ ಅಂದಿಲ್ಲ. ಹೋಗಲಿ, ಮಿಕ್ಕ ದಿನ ಏನು ಹಾಕಿಸ್ತೀರಿ?"

"ಹಂಸದ್ದು."

"ಹಂಸದಲ್ಲಿ ಯಾವುದು?"

"ಯಾವುದು ಅಂದ್ರೆ? ಹಂಸದ್ದು! ಪೆಟ್ರೋಲು! ಟೀ ಕೊಡು ಅಂದ್ರೆ ಯಾವ ಟೀ ಅಂತ ಕೇಳ್ತೀಯಲ್ಲ!"

ಐರ್ಲಿಸ್ ಬಾಗಿಲಲ್ಲೇ ನಕ್ಕಳು. ಡೆಲಿತ್ ತನ್ನ ಕಾರಿನ ಕೀಲಿ ತೆಗೆದಳು. "ಬನ್ನಿ, ನನ್ನ ಕಾರಲ್ಲಿ ಹೋಗಿ ಬರೋಣ. ನೀವು ತುಂಬಿಸೋ ಪಂಪನ್ನ ನನಗೆ ತೋರಿಸಿ. ಅತ್ತೆ, ನೀವೂ ಬನ್ನಿ. ಆ ಬಿಲ್ಲೇನೂ ಬರಲಿ."

ಬೆಟ್ಟದ ದಾರಿಯಲ್ಲಿ ಕುರಿಗಳು ರಸ್ತೆಗೆ ಅಡ್ಡ ಬಂದವು. ಕಾರು ನಿಂತಾಗ ಇದ್ವಾಲ್ ಮತ್ತೆ ಶುರುಮಾಡಿದ.

"ಒಂದು ಮಾತು ಕೇಳ್ತೀನಿ, ನೇರ ಹೇಳು. ಹಂಸದ್ದು ಒಳ್ಳೇದು, ಅಂಗಡೀದು ಕಳಪೆ. ಹೌದೋ ಅಲ್ವೋ?"

"ನಾನು ದಿನಾ ತುಂಬಿಸ್ಕೊಳ್ಳೋ ಡಿಪೋ ಇದೆಯಲ್ಲ ಮಾಮ, ಅಲ್ಲಿ ಹಂಸದ ಟ್ಯಾಂಕರೂ ದೊಡ್ಡಂಗಡಿ ಟ್ಯಾಂಕರೂ ಒಂದೇ ಸಾಲಲ್ಲಿ ನಿಲ್ತವೆ. ಒಂದೇ ತೊಟ್ಟಿಯಿಂದ ತುಂಬಿಸ್ಕೊಳ್ತವೆ."

"ಸುಳ್ಳು."

"ನಾನ್ಯಾಕೆ ಸುಳ್ಳು ಹೇಳಲಿ? ನನಗೆ ಎರಡು ಕಡೆಯವರೂ ಸಂಬಳ ಜಾಸ್ತಿ ಮಾಡಲ್ಲ." ಐರ್ಲಿಸ್ ಹಿಂದಿನ ಸೀಟಿನಿಂದ ಚಾಚಿದ ಬಿಲ್ಲೆಯನ್ನು ಡೆಲಿತ್ ಕಚ್ಚಿದಳು. "ಅತ್ತೆ ಕುರಿಮಾಂಸ ಹಾಕಿ ಒಂದು ಹಂಡೆ ಸೂಪು ಮಾಡ್ತಾರೆ ಅಂತ ಇಟ್ಕೊಳ್ಳಿ. ಬಡಿಸುವಾಗ ಒಬ್ಬರ ಬಟ್ಟಲಿಗೆ ಮೆಣಸಿನಪುಡಿ ಉದುರಿಸ್ತಾರೆ, ಇನ್ನೊಬ್ಬರದಕ್ಕೆ ಬೇರೆ ಸೊಪ್ಪು. ಸೂಪು ಒಂದೇ. ಹಾಗೇ ಟ್ಯಾಂಕರ್ ತುಂಬುವಾಗ ಒಂದೊಂದು ಕಂಪನಿ ತನ್ನ ಔಷಧಿ ಚೂರು ಸೇರಿಸುತ್ತೆ. ಎಂಜಿನ್ ಒಳಗೆ ಮಸಿ ಕಟ್ಟದ ಹಾಗೆ ತೊಳೆಯೋ ಔಷಧಿ."

"ಹಾಗಾದ್ರೆ ವ್ಯತ್ಯಾಸ ಇದೆ!"

"ಇಲ್ಲ ಅಂತ ನಾನೆಲ್ಲಿ ಅಂದೆ? ಚೂರು ಇದೆ. ವರ್ಷಾನುಗಟ್ಟಲೆ ಓಡಿಸಿದ್ರೆ ಒಳಗೆ ಸ್ವಲ್ಪ ಚೊಕ್ಕಟವಾಗಿ ಇದ್ದೀತು. ಕೆಲವು ಅಂಗಡಿಯವರೂ ಅಂಥದ್ದು ಹಾಕ್ತಾರೆ. ಆದ್ರೆ ಕಾನೂನಿನ ಗೆರೆ ಎಲ್ಲರಿಗೂ ಒಂದೇ. ಅದಕ್ಕಿಂತ ಕೆಳಗಿನದ್ದನ್ನ ಈ ದೇಶದಲ್ಲಿ ಯಾರೂ ಮಾರೋ ಹಾಗಿಲ್ಲ. ದಿನಾ ಓಡೋ ಸಾಮಾನ್ಯ ಕಾರಿಗೆ ಅಂಗಡೀದು ಧಾರಾಳ ಸಾಕು. ಕಾರಿನ ಪುಸ್ತಕದಲ್ಲಿ ಇಂಥದ್ದೇ ಹಾಕು ಅಂತ ಬರೆದಿದ್ರೆ ಅದನ್ನ ಹಾಕಬೇಕು. ಬರೆದಿಲ್ಲದಿದ್ರೆ, ಹೆಚ್ಚಿಗೆ ಕೊಡೋ ದುಡ್ಡಲ್ಲಿ ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಾಯಿಸಿ, ಟೈರಿಗೆ ಗಾಳಿ ಹಿಡಿಸಿ. ಅದರಿಂದ ಆಗೋ ಉಪಕಾರ ಜಾಸ್ತಿ."

"ಮತ್ತೆ ನನ್ನ ಪೈಪನ್ನ ತಿಂದದ್ದು ಯಾರು?"

"ಅದನ್ನ ನೋಡೋಕೇ ಹೋಗ್ತಿರೋದು."

ಕುರಿಗಳು ದಾಟಿದವು.

ಹೆದ್ದಾರಿಯ ಹಂಸದ ಬಂಕು ದೊಡ್ಡದು, ಬೆಳಕು ಬೆಳಕು. ಕಾರು ಒಳಗೆ ಬಂದರೂ ಗಂಟೆ ಟಣ್ ಅನ್ನಲಿಲ್ಲ. ಯಾರೂ ಹೊರಗೆ ಬರಲಿಲ್ಲ. ಗಾಜಿನ ಹಿಂದೆ ಕೂತವನು ತಲೆ ಎತ್ತಲಿಲ್ಲ. ಇದ್ವಾಲ್ ತಾನು ಯಾವಾಗಲೂ ನಿಲ್ಲುವ ಪಂಪಿನ ಮುಂದೆ ಹೋಗಿ, ಯಾವಾಗಲೂ ಹಿಡಿಯುವ ಪೈಪಿನ ಮೇಲೆ ಕೈಯಿಟ್ಟ.

"ಇದೇ."

"ಕೈ ಸ್ವಲ್ಪ ತೆಗೀರಿ ಮಾಮ."

ಅವನ ಕೈ ಇದ್ದ ಜಾಗದ ಪಕ್ಕದಲ್ಲೇ ಒಂದು ದುಂಡನೆಯ ಚೀಟಿ ಅಂಟಿಸಿತ್ತು. ಅದರೊಳಗೆ ದಪ್ಪಕ್ಷರದಲ್ಲಿ ಇಂಗ್ಲಿಷಿನ 'ಇ' ಅಕ್ಷರ, ಅದರ ಮುಂದೆ ಹತ್ತರ ಅಂಕೆ. ಕೆಳಗೆ ಸಣ್ಣಕ್ಷರದಲ್ಲಿ, ಇದು ಎಲ್ಲ ಗಾಡಿಗಳಿಗೂ ಹೊಂದುವುದಿಲ್ಲ, ಹಾಕುವ ಮೊದಲು ವಿಚಾರಿಸಿ ಎಂದು ಬರೆದಿತ್ತು.

"ಇ ಹತ್ತು ಅಂದ್ರೆ ಇದರಲ್ಲಿ ನೂರಕ್ಕೆ ಹತ್ತರ ತನಕ ಎಥನಾಲ್ ಇರುತ್ತೆ" ಎಂದಳು ಡೆಲಿತ್. "ಇತ್ತೀಚಿನ ಕಾರುಗಳಿಗೆ ಏನೂ ತೊಂದರೆ ಇಲ್ಲ. ನಿಮ್ಮ ಮಾರಿಸ್‌ನಂಥ ಹಳೇ ಕಾರಿನ ರಬ್ಬರನ್ನ ಮಾತ್ರ ಅದು ತಿನ್ನುತ್ತೆ. ಕಾರು ನಿಂತೇ ಇದ್ರೆ ಗಾಳಿಯಲ್ಲಿರೋ ನೀರನ್ನೂ ಎಳ್ಕೊಳ್ಳುತ್ತೆ. ಅಂಥ ಕಾರಿಗೆ ಹಾಕಬೇಕಾದ್ದು ಇ ಐದು. ಎಥನಾಲ್ ಕಡಿಮೆ ಇರೋದು. ಅದೋ, ಆ ಪಕ್ಕದ ಪೈಪು. ಸಾದಾ ಪೆಟ್ರೋಲು ಎಲ್ಲಾ ಕಡೆ ಇ ಹತ್ತು ಆಗಿ ಆಗಲೇ ಎಷ್ಟೋ ಕಾಲ ಆಯ್ತು ಮಾಮ. ಹಂಸದಲ್ಲೂ ಆಯ್ತು, ಅಂಗಡೀಲೂ ಆಯ್ತು. ಕಂಪನಿ ಯಾವುದು ಅಂತ ಪೈಪಿಗೆ ಗೊತ್ತಾಗಲ್ಲ. ಒಳಗೆ ಏನಿದೆ ಅಂತ ಗೊತ್ತಾಗುತ್ತೆ."

ಇದ್ವಾಲ್ ಆ ಚೀಟಿಯನ್ನೇ ನೋಡುತ್ತ ನಿಂತ. ಬಂದಾಗಲೆಲ್ಲ ಅವನು ತಲೆಯೆತ್ತಿ ಹಂಸವನ್ನು ನೋಡುತ್ತಿದ್ದ. ಕಣ್ಣು ಕೆಳಗೆ ಇಳಿಸಿರಲೇ ಇಲ್ಲ.

"ಎಥನಾಲ್ ಅಂದ್ರೆ ಏನು, ಸಾರಾಯಿನಾ?" ಎಂದು ಮೆಲ್ಲಗೆ ಕೇಳಿದ.

"ಹೆಚ್ಚುಕಮ್ಮಿ ಅದೇ."

ಐರ್ಲಿಸ್ ಕಾರಿನ ಕಿಟಕಿ ಇಳಿಸಿದಳು. "ಅಯ್ಯೋ ದೇವರೇ! ಚಾಪೆಲ್ಲಿನ ಹಿರಿಯ, ಹುಟ್ಟಿದಾಗಿನಿಂದ ಒಂದು ತೊಟ್ಟು ಬಿಯರು ಮುಟ್ಟಿದವನಲ್ಲ. ಕಾರಿಗೆ ಮಾತ್ರ ಇಷ್ಟು ದಿನ ಬೆಟ್ಟ ದಾಟಿ ಬಂದು ಕುಡಿಸಿಕೊಂಡು ಹೋಗಿದ್ದಾನೆ!"

ಡೆಲಿತ್ ನಕ್ಕು ನಕ್ಕು ಪಂಪಿಗೆ ಒರಗಿದಳು. ಇದ್ವಾಲನಿಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ಅವನು ಹೆಂಡತಿಯ ಕಡೆ ತಿರುಗಿದ.

"ನೀನು ಈಸ್ಟರಲ್ಲಿ ಏನು ಹಾಕಿಸ್ದೆ?"

"ಇ ಐದು."

"ನಿನಗೆ ಹೇಗೆ ಗೊತ್ತಾಯ್ತು?"

"ಓದಿದೆ. ಪಂಪಿನ ಮೇಲೆ ಬರೆದಿತ್ತು, ಹಳೇ ಗಾಡಿಗಳಿಗೆ ಇದು ಅಂತ. ಜಾಮಿನ ಶೀಸೆ ಮೇಲಿರೋದನ್ನೂ ಬಿಡದೆ ಓದೋಳು ನಾನು, ಪಂಪಿನ ಮೇಲಿರೋದನ್ನ ಬಿಡ್ತೀನಾ?"

"ನನಗ್ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದೆ. ಇವತ್ತು ಬೆಳಿಗ್ಗೆನೂ ಬಂದೆ. ನೀನು ಹಂಸ ಅಂದೆ."

ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಇದ್ವಾಲ್ ಪಂಪಿನ ಪಕ್ಕ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನಿಗೆ ಗೆಥಿನನ ನೆನಪಾಯಿತು. ಗೆಥಿನ್ ಇದ್ದಿದ್ದರೆ ಚೀಟಿ ಓದುವ ಕೆಲಸ ಅವನದಾಗುತ್ತಿತ್ತು. "ಇದು ಬೇಡ ಕಣಯ್ಯಾ, ಆ ಪೈಪಿನದು" ಎನ್ನುತ್ತಿದ್ದ. ಬಾನೆಟ್ ಎತ್ತಿದೊಡನೆ ಅವನ ಕಣ್ಣಿಗೆ ಸೀಳು ಬೀಳುತ್ತಿತ್ತು. ಇಷ್ಟು ವರ್ಷ ತಾನು ನಂಬಿದ್ದು ಹಂಸವನ್ನಲ್ಲ, ಹೆಗಲ ಮೇಲೆ ಬಟ್ಟೆ ಹಾಕಿಕೊಂಡ ಒಬ್ಬ ಮನುಷ್ಯನನ್ನು. ಆ ಮನುಷ್ಯ ಈಗ ಯಾವ ಫಲಕದ ಕೆಳಗೂ ಇಲ್ಲ. ಎಷ್ಟು ಹೆಚ್ಚು ಕೊಟ್ಟರೂ ಸಿಗುವುದಿಲ್ಲ.

"ನಾನು ತಪ್ಪನ್ನೆಲ್ಲ ನಿನ್ನ ಮೇಲೆ ಹಾಕಿಬಿಟ್ಟೆ" ಎಂದ.

"ಹಾಕಿದೆ" ಎಂದಳು ಐರ್ಲಿಸ್. "ಈಗ ಕಾರು ಹತ್ತು. ಚಳಿ."

ಗುರುವಾರ ಪೇಟೆಯ ಮೆಕ್ಯಾನಿಕ್ ಬಂದ. ಟ್ಯಾಂಕಿನಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆದ. ಹಳೇ ಪೈಪುಗಳನ್ನು ಬಿಚ್ಚಿ, ಎಥನಾಲಿಗೆ ತಡೆಯುವ ಹೊಸ ಪೈಪು ಹಾಕಿದ. ಒಂದೆರಡು ರಬ್ಬರ್ ಬಿಲ್ಲೆ ಬದಲಾಯಿಸಿದ. ಡಬ್ಬಿಯಲ್ಲಿ ತಂದಿದ್ದ ಇ ಐದನ್ನು ಸ್ವಲ್ಪ ಹಾಕಿ ಕೀಲಿ ತಿರುಗಿಸಿದರೆ ಮಾರಿಸ್ ಹಳೇ ದನಿಯಲ್ಲೇ ಗುನುಗಿತು. ಇದ್ವಾಲ್ ಶೆಡ್ಡಿನ ಗೋಡೆ ಹಿಡಿದುಕೊಂಡು ಕೇಳಿಸಿಕೊಂಡ.

ಶುಕ್ರವಾರ ಲಾರಿ ಬಂತು. ಗುಜರಿಯವನಿಗೆ ಹಂಸದ ಲೋಟದಲ್ಲಿ ಟೀ ಸಿಕ್ಕಿತು, ಬಿಲ್ಲೆ ಸಿಕ್ಕಿತು, ಕಾರು ಸಿಗಲಿಲ್ಲ. "ಇದಕ್ಕಾ ನನ್ನ ಕರೆಸಿದ್ದು?" ಎಂದು ಗೊಣಗಿದ. ಹೋಗುವಾಗ ಇನ್ನೊಂದು ಬಿಲ್ಲೆ ಕೇಳಿ ಜೇಬಿಗೆ ಹಾಕಿಕೊಂಡ.

ಶನಿವಾರ ಬೆಳಿಗ್ಗೆ ಬಿಸಿಲು ಬಂತು. ಇದ್ವಾಲ್ ಕೋಟಿನ ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲೆ ಇಟ್ಟ, ಐರ್ಲಿಸ್‌ಳ ತಟ್ಟೆಯ ಪಕ್ಕ.

"ಅಬರಾಯ್ರನ್ನಿಗೆ ಹೋಗೋಣ್ವಾ?"

"ಯಾರು ಓಡಿಸೋದು?"

"ಕೀಲಿ ಯಾರ ಹತ್ರ ಇದೆ?"

ಪೇಟೆಯ ದೊಡ್ಡಂಗಡಿಯ ಬಂಕಿಗೆ ಐರ್ಲಿಸ್ ಕಾರು ತಿರುಗಿಸಿದಳು. ಇಳಿದು, ಕನ್ನಡಕ ಹಾಕಿಕೊಂಡು, ಪಂಪಿನ ಮೇಲಿನ ಚೀಟಿಯನ್ನು ಸಾಲುಬಿಡದೆ ಗಟ್ಟಿಯಾಗಿ ಓದಿದಳು. ಹಿಂದೆ ನಿಂತಿದ್ದ ಕಾರಿನವನು ಹಾರನ್ ಹೊಡೆದ. "ಇರಪ್ಪಾ, ನೀನೂ ಕೇಳಿಸ್ಕೋ, ನಿನಗೂ ಒಳ್ಳೇದು" ಎಂದಳು. ಆಮೇಲೆ ಇ ಐದರ ಪೈಪು ಎತ್ತಿದಳು. ಅದರ ಬೆಲೆ ಸಾದಾದಕ್ಕಿಂತ ಹೆಚ್ಚೇ. ಆದರೆ ಹೆದ್ದಾರಿಯ ಹಂಸದಲ್ಲಿ ಇದ್ವಾಲ್ ಕಾರಿಗೆ ಹೊಂದದ ಪೆಟ್ರೋಲಿಗೆ ಕೊಡುತ್ತಿದ್ದದ್ದೂ ಅಷ್ಟೇ ಇತ್ತು.

ಪೆಟ್ರೋಲು ಬೀಳುತ್ತಿತ್ತು. ಇದ್ವಾಲ್ ಸುಮ್ಮನೆ ಕೂರಲಿಲ್ಲ. ಸೀಟಿನ ಕೆಳಗಿನಿಂದ ಒಂದು ಬಟ್ಟೆ ಎಳೆದು, ಹೆಗಲ ಮೇಲೆ ಹಾಕಿಕೊಂಡು ಹೊರಗೆ ಇಳಿದ. ಮುಂದಿನ ಗಾಜನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನ ತನಕ ನಿಧಾನವಾಗಿ ಒರೆಸಿದ. ಎಣ್ಣೆಯ ಕಡ್ಡಿ ಎಳೆದು ನೋಡಿದ. ಹೊಸ ಪೈಪನ್ನು ಮುಟ್ಟಿ, ಬೆರಳನ್ನು ಮೂಗಿಗೆ ಹಿಡಿದು ನೋಡಿದ. ಕೊನೆಗೆ ಟೈರಿಗೆ ಒಂದು ಒದೆ ಕೊಟ್ಟ.

ದುಡ್ಡು ಕೊಟ್ಟು ಬಂದು ಕಾರಿನಲ್ಲಿ ಕೂತಿದ್ದ ಐರ್ಲಿಸ್ ಗಾಜಿನ ಒಳಗಿನಿಂದ ನೋಡುತ್ತಿದ್ದಳು. ಬಾಗಿಲು ತೆಗೆದು ಅವನು ಪಕ್ಕದಲ್ಲಿ ಕೂತಾಗ ಕೇಳಿದಳು:

"ಲೋಟ ಕೊಡಲ್ವಾ?"

ನೀವು ಇದನ್ನು ಓದುತ್ತಿದ್ದರೆ, ಯಾರಾದರೂ ಓದುವುದನ್ನು ಕೇಳುತ್ತಿದ್ದರೆ, ನಿಮ್ಮಲ್ಲಿ ಒಂದು ಕೇಳಿಕೆ. ಬಂಕಿಗೆ ಹೋದಾಗ ತಲೆಯ ಮೇಲಿನ ಫಲಕ ನೋಡಿ ನಂಬಬೇಡಿ, ಕೈಯ ಪಕ್ಕದ ಚೀಟಿ ಓದಿ. ನಿಮ್ಮ ಗಾಡಿಗೆ ಯಾವುದು ಹೊಂದುತ್ತದೆ ಎಂದು ಗಾಡಿಯ ಪುಸ್ತಕದಲ್ಲಿದೆ. ಪುಸ್ತಕ ಕಳೆದಿದ್ದರೆ ಮೆಕ್ಯಾನಿಕ್‌ನನ್ನು ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ಹೊಂದುವ ಪೆಟ್ರೋಲು ಹತ್ತಿರದಲ್ಲಿ ಕಡಿಮೆ ಬೆಲೆಗೆ ಸಿಕ್ಕರೆ ಧೈರ್ಯವಾಗಿ ಹಾಕಿಸಿ, ಹೆಸರಿಗಾಗಿ ಬೆಟ್ಟ ದಾಟಬೇಡಿ. ಮಿಕ್ಕಿದ್ದರಲ್ಲಿ ಟೈರಿಗೆ ಗಾಳಿ ಹಿಡಿಸಿ, ಎಣ್ಣೆ ನೋಡಿಸಿ, ರಬ್ಬರ್ ಪೈಪು ಮುಟ್ಟಿ ನೋಡಿಸಿ. ಕಾರಿನ ಹತ್ತಿರ ಪೆಟ್ರೋಲು ವಾಸನೆ ಬಂದರೆ ನಾಳೆ ನೋಡೋಣ ಅನ್ನಬೇಡಿ, ಕೀಲಿಯನ್ನೂ ತಿರುಗಿಸಬೇಡಿ. ಒಳಗೆ ಕೂರುವವರು ನಿಮ್ಮವರೇ.

ಮನೆಯಲ್ಲಿ ಚೀಟಿ ಓದುವವರೊಬ್ಬರು ಇದ್ದರೆ, ಅವರು ಹೇಳಲು ಬಂದಾಗ ಮಾತು ಮುಗಿಯುವ ತನಕ ಕೇಳಿ.